ಗುರಿ ಇಡುವುದು ರಾಜ್ಯ, ತಂತಿ ಎಳೆಯುವುದು ಕಂಪನಿ. ಇಬ್ಬರನ್ನೂ ಒಂದು ದಾರಿಗೆ ತರೋದು ಹೇಗೆ?

ಹೊಸ_ಓದುಗ:
ಅಮೆರಿಕದ ರಾಜ್ಯಗಳ ಇಂಧನ ನೀತಿ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಹವಾಯಿ 2015ರಲ್ಲೇ ಕಾನೂನು ಮಾಡಿತು. 2045ರ ಹೊತ್ತಿಗೆ ಪೂರ್ತಿ ನವೀಕರಿಸಬಹುದಾದ ವಿದ್ಯುತ್ ಎಂಬ ಗುರಿ. ಆಮೇಲೆ ಇನ್ನೂ ಹಲವು ರಾಜ್ಯಗಳು ಇಂಥ ಗುರಿ ಇಟ್ಟವು. ಆದರೆ ಕಂಬ, ತಂತಿ, ಮೀಟರ್ ಇರುವುದು ವಿದ್ಯುತ್ ಕಂಪನಿಗಳ ಕೈಯಲ್ಲಿ. ಓದಿದ ವರದಿಗಳೆಲ್ಲ "ಎಲ್ಲರೂ ಕೂತು ಮಾತಾಡಬೇಕು" ಅಂತ ಮುಗಿಯುತ್ತವೆ. ಸುಮ್ನೆ ಮಾತಾಡಿದರೆ ಆಗುತ್ತಾ? ನಿಜವಾಗಿ ಕೆಲಸ ಆಗಿರುವ ಉದಾಹರಣೆ ಇದ್ದರೆ ಹೇಳಿ.

ದರಪಟ್ಟಿ:
ಹನ್ನೊಂದು ವರ್ಷ ಒಂದು ವಿದ್ಯುತ್ ಕಂಪನಿಯಲ್ಲಿ ದರ ಪರಿಷ್ಕರಣೆಯ ಅರ್ಜಿ ಬರೆದವನು ನಾನು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮಾತುಕತೆ ಬಿಡಿ. ಕಂಪನಿಗೆ ಕಾಸು ಎಲ್ಲಿಂದ ಬರುತ್ತದೆ, ಮೊದಲು ಅದನ್ನು ನೋಡಿ. ಒಮ್ಮೆ ನಮ್ಮಲ್ಲಿ ಎಲ್‌ಇಡಿ ಬಲ್ಬ್ ಹಂಚುವ ಯೋಜನೆ ಬಂತು. ಎಕ್ಸೆಲ್ ಹಾಳೆಯಲ್ಲಿ ಮಾರಾಟ ಮೂರು ಪರ್ಸೆಂಟ್ ಕಡಿಮೆ ಅಂತ ಹಾಕಿದೆ. ಕೆಳಗೆ ಲಾಭದ ಖಾನೆ ಪಟ್ಟಂತ ಕೆಂಪಾಯಿತು. ಕಂಬ, ಟ್ರಾನ್ಸ್‌ಫಾರ್ಮರ್, ಸಾಲದ ಬಡ್ಡಿ ಇವೇನೂ ಮೂರು ಪರ್ಸೆಂಟ್ ಇಳಿಯುವುದಿಲ್ಲವಲ್ಲ! ಬೆನ್ನ ಹಿಂದೆ ನಿಂತಿದ್ದ ಲೆಕ್ಕದ ವಿಭಾಗದ ಹಿರಿಯರು, "ಕೂತ ಕೊಂಬೆಗೆ ನಾವೇ ಕೊಡಲಿ ಹಾಕೋದಾ?" ಅಂದರು. ಯೋಜನೆ ಬೇಡ ಅಂತ ಯಾರೂ ಹೇಳಲಿಲ್ಲ. ಫೈಲು ಎರಡು ವರ್ಷ ಮೇಜಿಂದ ಮೇಜಿಗೆ ತಿರುಗಿತು, ಅಷ್ಟೇ.

ಕ್ಯಾಲಿಫೋರ್ನಿಯಾ ಇದಕ್ಕೆ 1980ರ ದಶಕದಲ್ಲೇ ಮದ್ದು ಕಂಡುಕೊಂಡಿತ್ತು. ಕಂಪನಿಯ ವರ್ಷದ ಆದಾಯ ಎಷ್ಟು ಅಂತ ನಿಯಂತ್ರಣ ಆಯೋಗ ಮೊದಲೇ ಗೊತ್ತು ಮಾಡುತ್ತದೆ. ಮಾರಾಟ ಕಡಿಮೆಯಾಗಿ ಖೋತಾ ಬಿದ್ದರೆ ಮುಂದಿನ ದರದಲ್ಲಿ ತುಂಬಿಕೊಡುತ್ತದೆ. ಜಾಸ್ತಿ ಬಂದರೆ ಗ್ರಾಹಕರಿಗೆ ವಾಪಸ್. ಡಿಕಪ್ಲಿಂಗ್ ಅಂತಾರೆ. ಇದರಿಂದ ಕಂಪನಿಗೆ ಪರಿಸರದ ಮೇಲೇನೂ ಪ್ರೀತಿ ಹುಟ್ಟುವುದಿಲ್ಲ. ಅಡ್ಡಗಾಲು ಹಾಕುವ ಕಾರಣ ಹೋಗುತ್ತದೆ. ನನಗೆ ಅಷ್ಟು ಸಾಕು.

ಇನ್ನೊಂದು ಗಂಟು ಬಂಡವಾಳದ್ದು. ಹೂಡಿದ ಹಣದ ಮೇಲೆ ಇಷ್ಟು ಲಾಭ ಅಂತ ನಿಯಮ ಇದ್ದರೆ, ಹೊಸ ಸಬ್‌ಸ್ಟೇಷನ್ ಕಟ್ಟೋಣ ಅಂದರೆ ಎಲ್ಲರಿಗೂ ಉತ್ಸಾಹ. ಮನೆಗಳ ಸೋಲಾರ್, ಬ್ಯಾಟರಿ ಬಳಸಿ ಆ ಖರ್ಚು ತಪ್ಪಿಸೋಣ ಅಂದರೆ ಮುಖ ಗಂಟು. ನಿಮ್ಮ ಹವಾಯಿ ಇಲ್ಲೇ ಎಡವಬಾರದು ಅಂತ 2018ರಲ್ಲಿ ಮತ್ತೊಂದು ಕಾನೂನು ತಂದಿತು. 2021ರಿಂದ ಅಲ್ಲಿ ಕಂಪನಿಯ ಗಳಿಕೆಯ ಒಂದು ಭಾಗ ಅದು ಮಾಡಿದ ಕೆಲಸಕ್ಕೆ ತಳಕು ಹಾಕಿಕೊಂಡಿದೆ. ಮನೆ ಸೋಲಾರ್ ಜೋಡಣೆಗೆ ಬೇಗ ಒಪ್ಪಿಗೆ ಕೊಟ್ಟರೆ ಬಹುಮಾನ, ತಡ ಮಾಡಿದರೆ ದಂಡ. ಪ್ರಬಂಧದಲ್ಲಿ 2015ಕ್ಕಿಂತ 2018ಕ್ಕೇ ಜಾಸ್ತಿ ಜಾಗ ಕೊಡಿ.

ರಾತ್ರಿಪಾಳಿ:
ನಾನು ಕಂಟ್ರೋಲ್ ರೂಮಿನವನು. ಹೆಸರು ರಾತ್ರಿಪಾಳಿ, ತಲೆನೋವೆಲ್ಲ ಮಧ್ಯಾಹ್ನದ್ದೇ! ಸೋಲಾರ್ ಉಕ್ಕಿದಾಗ ಪಕ್ಕದ ಕಂಟ್ರೋಲ್ ರೂಮಿಗೆ ಫೋನ್ ಮಾಡಿ "ಸ್ವಲ್ಪ ತಗೋತೀರಾ?" ಅಂತ ಕೇಳುತ್ತಿದ್ದೆವು. ಬೆಲೆ ಮಾತಾಡಿ, ಕಾಗದ ಟೈಪ್ ಆಗುವ ಹೊತ್ತಿಗೆ ಮೋಡ ಬಂದಿರುತ್ತಿತ್ತು.

ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ 2014ರ ನವೆಂಬರ್‌ನಿಂದ ಈ ಕೆಲಸ ಮಾಡಲು ಒಂದು ಮಾರುಕಟ್ಟೆಯೇ ಇದೆ. ಕ್ಯಾಲಿಫೋರ್ನಿಯಾದ ಗ್ರಿಡ್ ಸಂಸ್ಥೆ ಮತ್ತು ಪೆಸಿಫಿಕಾರ್ಪ್ ಎಂಬ ಕಂಪನಿ ಸೇರಿ ಶುರು ಮಾಡಿದ್ದು. ಯಾರ ಹತ್ತಿರ ಹೆಚ್ಚಿದೆ, ಯಾರಿಗೆ ಬೇಕು ಅಂತ ಐದೈದು ನಿಮಿಷಕ್ಕೆ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಯಾರೂ ತಮ್ಮ ತಂತಿಯ ಯಜಮಾನಿಕೆ ಬಿಟ್ಟುಕೊಡಬೇಕಿಲ್ಲ, ಬೇಡ ಅನಿಸಿದರೆ ಹೊರಗೂ ಹೋಗಬಹುದು. ಅದಕ್ಕೇ ಒಬ್ಬೊಬ್ಬರಾಗಿ ಒಳಗೆ ಬಂದರು ಅಂತ ನನ್ನ ಅಂದಾಜು.

ಟೆಕ್ಸಸ್ ಕೂಡ ನೋಡಿ. ಗಾಳಿ ಇರುವುದು ಪಶ್ಚಿಮದಲ್ಲಿ, ದೊಡ್ಡ ನಗರಗಳು ಪೂರ್ವಕ್ಕೆ. ತಂತಿ ಇಲ್ಲ ಅಂತ ಯಾರೂ ಗಾಳಿಯಂತ್ರ ನೆಡುತ್ತಿರಲಿಲ್ಲ, ಯಂತ್ರ ಇಲ್ಲ ಅಂತ ಯಾರೂ ತಂತಿ ಎಳೆಯುತ್ತಿರಲಿಲ್ಲ. 2005ರಲ್ಲಿ ರಾಜ್ಯವೇ ಕಾನೂನು ಮಾಡಿ, ಮೊದಲು ತಂತಿ ಅಂತ ತೀರ್ಮಾನಿಸಿತು. ಖರ್ಚನ್ನು ರಾಜ್ಯದ ಮುಖ್ಯ ಗ್ರಿಡ್‌ನ ಎಲ್ಲ ಗ್ರಾಹಕರಿಗೂ ಹಂಚಿದರು. 2014ರ ಹೊತ್ತಿಗೆ ಸುಮಾರು 3,600 ಮೈಲಿ ಲೈನ್ ಎದ್ದಿತ್ತು. ಅದೇ ಟೆಕ್ಸಸ್ ನೆರೆ ರಾಜ್ಯಗಳ ಜೊತೆ ಮಾತ್ರ ದೊಡ್ಡ ಸಂಪರ್ಕ ಇಟ್ಟುಕೊಳ್ಳಲಿಲ್ಲ. 2021ರ ಫೆಬ್ರವರಿ ಚಳಿಯಲ್ಲಿ ಗ್ಯಾಸ್ ಸ್ಥಾವರಗಳು ಕೈಕೊಟ್ಟಾಗ ಹೊರಗಿನಿಂದ ತರಿಸಲು ಸಾಕಷ್ಟು ದಾರಿಯೇ ಇರಲಿಲ್ಲ.

ಬಿಲ್_ಕಟ್ಟೋಳು:
@ದರಪಟ್ಟಿ, ಆ ತುಂಬಿಕೊಡುವ ದುಡ್ಡು ಯಾರದ್ದು? ನನ್ನದೇ ಅಲ್ವಾ? ಕರೆಂಟ್ ಉಳಿಸಿ ಅಂತೀರಿ, ಉಳಿಸಿದ ಮೇಲೆ ದರ ಏರಿಸ್ತೀರಿ. ಚೆನ್ನಾಗಿದೆ ನ್ಯಾಯ.

ದರಪಟ್ಟಿ:
ಹೌದು, ನಿಮ್ಮದೇ. ಯೂನಿಟ್ ದರ ತುಸು ಏರುತ್ತದೆ. ಬಳಕೆ ಇಳಿಸಿದವರ ಒಟ್ಟು ಬಿಲ್ ಸಾಮಾನ್ಯವಾಗಿ ಇಳಿಯುತ್ತದೆ. ಬಾಡಿಗೆ ಮನೆಯಲ್ಲಿದ್ದು ಹಳೇ ಹೀಟರ್ ಬದಲಿಸಲಾಗದವರಿಗೆ ಏಟು ಬೀಳುತ್ತದೆ. ಒಂದು ವರ್ಷದಲ್ಲಿ ಇಷ್ಟಕ್ಕಿಂತ ಜಾಸ್ತಿ ಏರಿಸಬಾರದು ಅಂತ ಕೆಲವು ಆಯೋಗಗಳು ಮಿತಿ ಹಾಕುತ್ತವೆ, ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಅದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ, ಒಪ್ಪುತ್ತೇನೆ.

ಹೊಸ_ಓದುಗ:
ಎಲ್ಲರಿಗೂ ಥ್ಯಾಂಕ್ಸ್. ಬಾಡಿಗೆ ಮನೆಯ ವಿಷಯ ನನ್ನ ಕರಡಿನಲ್ಲಿ ಒಂದು ಸಾಲೂ ಇರಲಿಲ್ಲ. ಅಂದ ಹಾಗೆ, ಆ ಬಲ್ಬುಗಳು ಕೊನೆಗೆ ಹಂಚಿಕೆ ಆದವಾ?

ದರಪಟ್ಟಿ:
ಆದವು. ಅಷ್ಟು ಹೊತ್ತಿಗೆ ಅರ್ಧ ಜನ ಅಂಗಡಿಯಲ್ಲೇ ಕೊಂಡುಕೊಂಡಿದ್ದರು.