ಈಜಿಪ್ಟಿನ ಗುಡಿಗಳ ಉಬ್ಬುಶಿಲ್ಪ: ಯಾವುದನ್ನು ನೋಡಬೇಕು?

ಪ್ರಶ್ನೆ (ಗದಗ): ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕುಸುರಿಯನ್ನು ನೋಡುತ್ತಲೇ ಬೆಳೆದ ನಾನು ಈ ಚಳಿಗಾಲದಲ್ಲಿ ಲಕ್ಸರ್‌ಗೆ ಹೊರಟಿದ್ದೇನೆ. ಕಾರ್ನಾಕ್ ಅಲ್ಲದೆ ಇನ್ನೊಂದೇ ಗುಡಿಯನ್ನು ಸಾವಕಾಶವಾಗಿ ನೋಡಲು ಸಮಯವಿದ್ದರೆ, ಕೆತ್ತನೆಯ ದೃಷ್ಟಿಯಿಂದ ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ (ಧಾರವಾಡ): ಅಬಿಡೋಸ್‌ನಲ್ಲಿರುವ, ಈಜಿಪ್ಟಿನ ಅರಸ ಒಂದನೆಯ ಸೇತಿಯ ಗುಡಿಯನ್ನೇ ಆರಿಸಿಕೊಳ್ಳಿ. ಸುಮಾರು 3,300 ವರ್ಷಗಳ ಹಿಂದೆ ನಯವಾದ ಸುಣ್ಣದಕಲ್ಲಿನಲ್ಲಿ ಮೂಡಿಸಿದ ಆ ಉಬ್ಬುಶಿಲ್ಪಗಳಲ್ಲಿ ಉಡುಪಿನ ನೆರಿಗೆಗಳೂ, ದೇವರಿಗೆ ಧೂಪ ಅರ್ಪಿಸುವ ಅರಸನ ಬೆರಳುಗಳೂ ಬಹಳ ಹದವಾಗಿ ಬಂದಿವೆ. ಹಲವೆಡೆ ಮೂಲ ಬಣ್ಣವೂ ಉಳಿದಿದೆ. ಸೇತಿ ತನಗಿಂತ ಹಿಂದಿನ ಅರಸರ ಹೆಸರುಗಳನ್ನು ಸಾಲಾಗಿ ಕೆತ್ತಿಸಿದ ಗೋಡೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ನಮ್ಮ ಶಾಸನಗಳ ವಂಶಾವಳಿಯನ್ನು ಓದಿದವರಿಗೆ ಅದು ಅಪರಿಚಿತವೆನಿಸುವುದಿಲ್ಲ.

ಉತ್ತರ (ಹಾವೇರಿ): ನನ್ನ ಆಯ್ಕೆ ಎಡ್ಫು ಊರಿನ ಗುಡಿ. ಕ್ರಿ.ಪೂ. 237ರಲ್ಲಿ ಆರಂಭವಾಗಿ ಕ್ರಿ.ಪೂ. 57ರಲ್ಲಿ ಮುಗಿದ ಆ ಮರಳುಗಲ್ಲಿನ ಹೋರಸ್ ದೇವರ ಗುಡಿ ಬಹುಪಾಲು ಇಡಿಯಾಗಿ ನಿಂತಿದೆ. ಈಜಿಪ್ಟಿನ ಶಿಲ್ಪಿಗಳು ಬಿಸಿಲಿಗೆ ತೆರೆದ ಹೊರಗೋಡೆಗಳಲ್ಲಿ ಸಾಮಾನ್ಯವಾಗಿ ಆಕೃತಿಯನ್ನು ಮೇಲ್ಮೈಗಿಂತ ಒಳಕ್ಕೆ ಕೊರೆಯುತ್ತಿದ್ದರು. ಓರೆ ಬಿಸಿಲು ಬಿದ್ದಾಗ ಅಂಚಿನಲ್ಲಿ ನೆರಳು ನಿಂತು ರೂಪ ಎದ್ದು ಕಾಣುತ್ತದೆ. ಆದ್ದರಿಂದ ನಡುಹಗಲಿನಲ್ಲಿ ಹೋಗಬೇಡಿ. ದಯವಿಟ್ಟು ಗೋಡೆಯನ್ನು ಮುಟ್ಟಲೂಬೇಡಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಬಣ್ಣ ಉಳಿದ ಕಲ್ಲನ್ನು ನಾನು ಎಲ್ಲಿಯೂ ಕಂಡಿಲ್ಲವಾದ್ದರಿಂದ ಅಬಿಡೋಸ್‌ಗೆ ಹೋಗುತ್ತೇನೆ.