ಮಾದರಿ ಹಡಗಿನ ಹಲಗೆಗಳು: ಸಂದಿ ತುಂಬುವ ‘ಸ್ಟೀಲರ್’ಗೆ ನಿಮ್ಮ ಕಡೆ ಏನೆನ್ನುತ್ತಾರೆ?

ಮಾನ್ಯರೇ,

ಮರದ ಮಾದರಿ ಹಡಗನ್ನು ಮೊದಲ ಸಲ ಕಟ್ಟುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಾಸರಗೋಡಿನ ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳು. ಮನೆಮಾತು ತುಳು, ಮಲಯಾಳ, ಬ್ಯಾರಿ, ಹವ್ಯಕ, ಕೊಂಕಣಿ ಹೀಗೆ ಬೇರೆ ಬೇರೆ. ಪದ ಓದಿದೊಡನೆ ಕೈ ಎಲ್ಲಿಗೆ ಹೋಗಬೇಕೆಂದು ಅವರಿಗೆ ತಿಳಿಯಬೇಕು. ನಿಘಂಟು ಹುಡುಕಿಸುವ ಸಂಸ್ಕೃತ ಸಮಾಸ ಬೇಡವೆಂಬುದು ನನ್ನ ಹಟ.

ಹೆಚ್ಚಿನ ಪದಗಳಿಗೆ ತೊಂದರೆಯಾಗಲಿಲ್ಲ. ಚುಕ್ಕಾಣಿ, ಲಂಗರು, ಹಾಯಿ ಇದ್ದೇ ಇವೆ. ಕೀಲ್‌ಗೆ ಅಡಿಮರ (ಹಡಗಿನ ತಳದುದ್ದಕ್ಕೂ ಹೋಗುವ ಮರ), ಅದರ ಮೇಲೆ ಅಡ್ಡಲಾಗಿ ನಿಲ್ಲುವ ಚೌಕಟ್ಟುಗಳಿಗೆ ಪಕ್ಕೆಲುಬು ಎಂದಿದ್ದೇನೆ. ಮಲಯಾಳದಲ್ಲಿ ಅಡಿಮರಕ್ಕೆ ಏರಾವು, ದೋಣಿಯ ಮುಂತುದಿಗೆ ಅಣಿಯ, ಹಿಂತುದಿಗೆ ಅಮರ ಎನ್ನುತ್ತಾರೆ. ಕೊನೆಯ ಎರಡು ಕನ್ನಡದ ನಾಲಿಗೆಗೂ ಸಲೀಸಾದ್ದರಿಂದ ಹಾಗೆಯೇ ಉಳಿಸಿಕೊಂಡೆ. ಹಲಗೆ ಬಾಗುವ ದಿಕ್ಕಿಗೆ ಪಕ್ಕೆಲುಬಿನ ಅಂಚನ್ನು ಉಪ್ಪುಕಾಗದದಿಂದ ಇಳಿಜಾರು ಮಾಡುವುದಕ್ಕೆ ‘ಓರೆ ಉಜ್ಜು’ ಸಾಕು. ಓರೆ ಉಜ್ಜದಿದ್ದರೆ ಹಲಗೆ ಅಂಚಿನ ಒಂದೇ ಗೆರೆಯ ಮೇಲೆ ಕೂತು ಅಂಟು ಹಿಡಿಯುವುದಿಲ್ಲ.

ತೊಡಕು ಶುರುವಾಗುವುದು ಹಲಗೆ ಹೊದಿಸುವಲ್ಲಿ. ಹಲಗೆಯ ಅಗಲ 5 ಮಿ.ಮೀ. ಎಂದಿಟ್ಟುಕೊಳ್ಳಿ. ನಡುವಿನ ಪಕ್ಕೆಲುಬಿನ ಮೈಗೆ ಕಾಗದದ ಪಟ್ಟಿಯನ್ನು ಒತ್ತಿ ಹಿಡಿದು, ಮೇಲಿನ ಅಂಚಿನಿಂದ ಅಡಿಮರದವರೆಗೆ ಅಳೆದಾಗ 90 ಮಿ.ಮೀ. ಬಂದರೆ 18 ಹಲಗೆ ಬೇಕು. ಅಣಿಯದ ಹತ್ತಿರ ಅದೇ ಅಳತೆ 54 ಮಿ.ಮೀ. ಮಾತ್ರ. ಅಲ್ಲಿಯೂ ಆ 18 ಹಲಗೆಗಳೇ ಹಿಡಿಸಬೇಕಾದ್ದರಿಂದ ಒಂದೊಂದರ ತುದಿಯೂ 3 ಮಿ.ಮೀ.ಗೆ ಇಳಿಯಬೇಕು. ಹೀಗೆ ಅಗಲ ಇಳಿಸುವುದಕ್ಕೆ ‘ಸಪೂರ ಮಾಡು’ ಎಂದು ಬರೆದಿದ್ದೇನೆ. ‘ಮೊನಚು ಮಾಡು’ ಎಂದರೆ ಮಕ್ಕಳು ಪೆನ್ಸಿಲಿನಂತೆ ಚೂಪು ಮಾಡಿಬಿಡುತ್ತಾರೆ. ಆದರೆ ಸಪೂರ ಎಂದಾಗ ದಪ್ಪ ಕಡಿಮೆ ಮಾಡಬೇಕೆಂದು ಯಾರಾದರೂ ತಿಳಿದಾರೇ? ಒಂದೂವರೆ ಮಿ.ಮೀ. ದಪ್ಪದ ಹಲಗೆಯ ಮೈಯನ್ನು ಕೀಸಿದರೆ ಅದು ಬಾಗಿಸುವಾಗಲೇ ಮುರಿಯುತ್ತದೆ. ಘಟ್ಟದ ಮೇಲಿನವರು ಈ ಪದವನ್ನು ಹೇಗೆ ಓದುತ್ತೀರಿ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದೇ ದೊಡ್ಡದು. ಅಮರದ ಬಳಿ ಲೆಕ್ಕ ತಿರುಗಿಬೀಳುತ್ತದೆ. ಅಲ್ಲಿ ಅಳತೆ 108 ಮಿ.ಮೀ. ಬಂದರೆ 18 ಹಲಗೆಗಳು 90 ಮಿ.ಮೀ. ಮಾತ್ರ ತುಂಬಿ, 18 ಮಿ.ಮೀ. ಬಯಲಾಗಿ ಉಳಿಯುತ್ತದೆ. ಹಲಗೆಯನ್ನು ಅಡ್ಡಕ್ಕೆ ಎಳೆದು ಆ ಜಾಗ ಮುಚ್ಚಲು ಹೋದರೆ ಅದರ ಇನ್ನೊಂದು ಅಂಚು ಪಕ್ಕೆಲುಬಿನಿಂದ ಎದ್ದುಬಿಡುತ್ತದೆ. ಹಲಗೆಯನ್ನು ಅದು ತಾನಾಗಿ ಕೂರುವಲ್ಲಿ ಕೂರಲು ಬಿಟ್ಟು, ನಡುವೆ ಉಳಿದ ಉದ್ದನೆಯ ತ್ರಿಕೋನದ ಸಂದಿಗೆ ಅದೇ ಆಕಾರದ ತುಂಡನ್ನು ಕೆತ್ತಿ ಕೂರಿಸಬೇಕು. ದರ್ಜಿಯವರು ಅಂಗಿಯ ಕಂಕುಳಿಗೆ ಸೇರಿಸುವ ತುಂಡಿನ ಹಾಗೆ. ಇಂಗ್ಲಿಷಿನಲ್ಲಿ ಅದು ಸ್ಟೀಲರ್.

ಪರಿಚಯದ ಆಚಾರಿಯೊಬ್ಬರು ‘ಬೆಣೆ ಅನ್ನಿ’ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬೆಣೆಯನ್ನು ಹೊಡೆದು ಬಿಗಿ ಮಾಡುತ್ತೇವೆ, ಇಲ್ಲವೇ ಸೀಳುತ್ತೇವೆ. ಇಲ್ಲಿ ಹೊಡೆದರೆ ಅಕ್ಕಪಕ್ಕದ ಅಂಟು ಬಿಡುತ್ತದೆ. ಸದ್ಯಕ್ಕೆ ‘ಎಡೆಹಲಗೆ’ ಎಂದು ಬರೆದಿದ್ದೇನೆ. ಎಡೆ ಎಂದರೆ ಸಂದಿ. ದೇವರಿಗೆ ಇಡುವ ಎಡೆ ನೆನಪಾಗುವವರಿಗೆ ವಿಚಿತ್ರವೆನಿಸಬಹುದು. ಇದರ ತದ್ವಿರುದ್ಧವೂ ಒಂದಿದೆ: ಅಣಿಯದಲ್ಲಿ ಹಲಗೆಯ ಅಗಲ ಅರ್ಧಕ್ಕಿಂತಲೂ ಕಡಿಮೆಯಾಗುವ ಹಾಗಿದ್ದರೆ ಎರಡು ಹಲಗೆಗಳನ್ನು ಅಲ್ಲಿಗೇ ನಿಲ್ಲಿಸಿ ಮುಂದಕ್ಕೆ ಒಂದನ್ನೇ ಒಯ್ಯುತ್ತಾರೆ. ಅದಕ್ಕೆ ನನ್ನ ಬಳಿ ಪದವೇ ಇಲ್ಲ.

ನಿಜವಾದ ದೋಣಿಗೂ ಇದೇ ತೊಡಕು ಇರುವುದರಿಂದ, ಮರದ ದೋಣಿ ಕಟ್ಟಿದವರ ಬಾಯಲ್ಲಿ ಇವೆರಡಕ್ಕೂ ಮಾತು ಇದ್ದೇ ಇರಬೇಕು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಉಳ್ಳಾಲ, ಮಲ್ಪೆಯ ಆಚಾರಿಗಳ ಮಾತು ನಮ್ಮ ಮಕ್ಕಳಿಗೆ ಹೊರಗಿನದಲ್ಲ. ಈಗ ಫೈಬರ್ ದೋಣಿಗಳೇ ಹೆಚ್ಚಾಗಿ, ಕೇಳಬಹುದಾದ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಹೊನ್ನಾವರ, ಭಟ್ಕಳದ ಕಡೆಯವರೂ ದಯವಿಟ್ಟು ವಿಚಾರಿಸಿ. ತುಳುವಾಗಲಿ ಕೊಂಕಣಿಯಾಗಲಿ, ಕೇಳಿದ ಪದವನ್ನು ತಿದ್ದದೆ ಹಾಗೆಯೇ ಬರೆಯಿರಿ. ಯಾವ ಊರಿನದು, ಹೇಳಿದವರು ಆಚಾರಿಯೋ ಮೀನುಗಾರರೋ ಎಂಬುದನ್ನೂ ಸೇರಿಸಿದರೆ ಉಪಕಾರವಾಗುತ್ತದೆ.