ಶೂಮನ್‌ನ 'ಟ್ರಾಯ್ಮರೈ': ಪುಸ್ತಕದಲ್ಲಿ 100, ಟೀಚರ್ ಹೇಳುವುದು 50. ಯಾರ ಮಾತು ಕೇಳುವುದು?

ಬಿಜೈ_ಬಿಳಿಕಪ್ಪು:
ನಮಸ್ಕಾರ. ನಾನು ನಲವತ್ತು ದಾಟಿದ ಮೇಲೆ ಪಿಯಾನೋ ಕಲಿಯಲು ಹೊರಟವನು. ಪ್ರಶ್ನೆ ತೀರಾ ಬಾಲಿಶ ಅನ್ನಿಸಿದರೆ ನಗಬೇಡಿ.

ಎರಡು ತಿಂಗಳಿಂದ ಜರ್ಮನ್ ಸಂಗೀತಗಾರ ರಾಬರ್ಟ್ ಶೂಮನ್‌ನ ಪಿಯಾನೋ ತುಣುಕು 'ಟ್ರಾಯ್ಮರೈ' ಹಿಡಿದು ಕೂತಿದ್ದೇನೆ. ಸ್ವರಗಳೇನೋ ಕೈಗೆ ಬಂದಿವೆ, ತೊಂದರೆ ಇರುವುದು ವೇಗದ್ದು. ನನ್ನ ಪುಸ್ತಕದಲ್ಲಿ ಕ್ರಾಚೆಟ್‌ಗೆ 100, ಅಂದರೆ ನಿಮಿಷಕ್ಕೆ 100 ಬೀಟ್ ಅಂತ ಉಂಟು. ಟೀಚರ್ ನೋಡಿದರೆ 50ರ ಮೇಲೆ ಹೋಗಲು ಬಿಡುವುದಿಲ್ಲ, ಕನಸು ಒಡೆಯುತ್ತದಂತೆ. ಮನೆಯಲ್ಲಿ ಯಾರೂ ಇಲ್ಲದಾಗ ಮೆಟ್ರೊನೋಮ್ (ಟಿಕ್ ಟಿಕ್ ಅಂತ ವೇಗ ತೋರಿಸುವ ಯಂತ್ರ) 100ಕ್ಕೆ ಇಟ್ಟು ನುಡಿಸಿ ನೋಡಿದೆ. ಕೊನೇ ಬಸ್ ತಪ್ಪುತ್ತದೆ ಅಂತ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಓಡಿದ ಹಾಗಾಯಿತು. ಸರಿ ಅಂತ 50ಕ್ಕೆ ಇಳಿಸಿದರೆ, ಶುರುವಿನಲ್ಲೇ ಬರುವ ಆ ಉದ್ದದ ಎಫ್ ಸ್ವರ ಮುಂದಿನದ್ದು ಬರುವ ಮೊದಲೇ ಅರ್ಧಕ್ಕರ್ಧ ಸತ್ತಿರುತ್ತದೆ.

ಪಿಯಾನಿಸ್ಟ್ ಹೊರೊವಿಟ್ಸ್ 1986ರಲ್ಲಿ ಮಾಸ್ಕೋದಲ್ಲಿ ನುಡಿಸಿದ್ದನ್ನೂ ನೋಡಿದೆ. ಸಭೆಯಲ್ಲಿ ಕೂತವರೊಬ್ಬರ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತದಲ್ಲ, ಅದೇ. ಅದೂ 100ರ ಹತ್ತಿರ ಎಲ್ಲೂ ಇಲ್ಲ. ಹಾಗಾದರೆ ಬರೆದವನ ಅಂಕೆಗೆ ಬೆಲೆಯೇ ಇಲ್ವಾ? ಅವನ ಮೆಟ್ರೊನೋಮ್ ಕೆಟ್ಟಿತ್ತು ಅಂತಲೂ ಹೇಳುತ್ತಾರೆ, ಅದು ಹೌದಾ?

ಪೆಡಲ್_ಫಳ್ನೀರ್:
ಟೀಚರ್ ಮಾತು ಕೇಳಿ ಮಾರಾಯ್ರೆ. ಹೆಸರಿನ ಅರ್ಥವೇ ಕನಸು ಕಾಣುವುದು. ಕನಸಿಗೆ ಎಂತ ಸ್ಪೀಡು? ನಾನು ಇಪ್ಪತ್ತು ವರ್ಷದಿಂದ ಇದನ್ನು ಮದುವೆ ರಿಸೆಪ್ಶನ್‌ಗಳಲ್ಲಿ ನುಡಿಸುತ್ತಾ ಬಂದಿದ್ದೇನೆ, ನಿಧಾನಕ್ಕೆ ನುಡಿಸಿದಷ್ಟೂ ಜನ ಐಸ್‌ಕ್ರೀಮ್ ಚಮಚ ಕೆಳಗಿಟ್ಟು ಕೇಳುತ್ತಾರೆ. ಎಲ್ಲ ದೊಡ್ಡ ಪಿಯಾನಿಸ್ಟ್‌ಗಳೂ ಒಟ್ಟಿಗೆ ತಪ್ಪು ಮಾಡಿದ್ದಾರಾ? ಆ 100 ಅನ್ನುವುದನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ. ಮೆಟ್ರೊನೋಮ್ ಕೆಟ್ಟಿದ್ದದ್ದೇ ಹೌದು.

ಮಣಿಪಾಲ್_ಮಳೆ:
ಕೆಟ್ಟ ಮೆಟ್ರೊನೋಮ್ ಕಥೆ ನನಗೆ ಇಷ್ಟ, ಆದರೆ ನಂಬುವುದಿಲ್ಲ. ಯಂತ್ರ ಕೆಟ್ಟು ನಿಧಾನಕ್ಕೆ ಓಡುತ್ತಿತ್ತು ಅಂತಾದರೆ ಅವನು ಅಂಕೆ ಕೊಟ್ಟ ಎಲ್ಲವೂ ಒಂದೇ ಪ್ರಮಾಣದಲ್ಲಿ ಎಡವಟ್ಟಾಗಬೇಕಿತ್ತು. ಇದೇ ಗುಚ್ಛದಲ್ಲಿ ('ಕಿಂಡರ್‌ಸೀನನ್', ಅಂದರೆ ಬಾಲ್ಯದ ದೃಶ್ಯಗಳು) ಮಕ್ಕಳ ಮುಟ್ಟಾಟದ ಒಂದು ತುಣುಕು ಉಂಟು, ಅದರ ಅಂಕೆಗೆ ಯಾರೂ ಜಗಳ ತೆಗೆಯುವುದಿಲ್ಲ. ನಮಗೆ ಎಲ್ಲಿ ಬೇಡವೋ ಅಲ್ಲಿ ಮಾತ್ರ ಯಂತ್ರ ಕೆಟ್ಟಿತ್ತಾ?

ಈಗ ಲೆಕ್ಕ ಹಾಕುವ. ತುಣುಕಿನಲ್ಲಿ 24 ಬಾರ್ (ತಾಳದ ಆವರ್ತ), ಮೊದಲ 8 ಎರಡು ಸಲ, ಒಟ್ಟು 32. ಒಂದು ಬಾರ್‌ಗೆ ನಾಲ್ಕು ಬೀಟ್ ಅಂದರೆ 128. ನಿಮಿಷಕ್ಕೆ 100ರಂತೆ ಹೋದರೆ 77 ಸೆಕೆಂಡಿಗೆ ಮುಗಿಯಿತು. 2 ನಿಮಿಷ 40 ಸೆಕೆಂಡ್ ತೆಗೆದುಕೊಳ್ಳುವ ರೆಕಾರ್ಡಿಂಗ್ ಆದರೆ ಸರಾಸರಿ 48, ಅಂದರೆ ಅರ್ಧಕ್ಕಿಂತಲೂ ಕಡಿಮೆ. ಆದರೆ ನಡುನಡುವೆ 'ರಿಟಾರ್ಡ್' (ನಿಧಾನಿಸು) ಅಂತ ಶೂಮನ್ನೇ ಬರೆದಿದ್ದಾನೆ, ಕೊನೆಗೆ ಒಂದು ನಿಲುಗಡೆಯೂ ಉಂಟು. ಅವನ್ನೆಲ್ಲ ಮಾಡಿದರೆ 100ರಲ್ಲಿ ಶುರು ಮಾಡಿದವನೂ 77 ಸೆಕೆಂಡಿಗೆ ಮುಗಿಸುವುದಿಲ್ಲ. ಅಂಕೆ ಇರುವುದು ನಡಿಗೆ ಹಿಡಿಯಲಿಕ್ಕೆ. ಉದ್ದಕ್ಕೂ ಟಿಕ್ ಟಿಕ್ ಅಂತ ಹೋಗಲಿಕ್ಕಲ್ಲ.

ಇನ್ನೊಂದು ಸಾಕ್ಷಿ ಶೂಮನ್‌ನ ಹೆಂಡತಿ, ಪಿಯಾನಿಸ್ಟ್ ಕ್ಲಾರಾ. ರಾಬರ್ಟ್ 1856ರಲ್ಲಿ ತೀರಿಹೋದ. 1880ರ ದಶಕದಲ್ಲಿ ಕ್ಲಾರಾ ಅವನ ಕೃತಿಗಳನ್ನು ಕಲಿಯುವವರಿಗಾಗಿ ತಿದ್ದಿ ಹೊರತಂದಾಗ ಇದಕ್ಕೆ 80 ಅಂತ ಕೊಟ್ಟಳು. ಗಂಡನ ಅಂಕೆ ಜಾಸ್ತಿ ಅಂತ ಅವಳಿಗೂ ಅನ್ನಿಸಿರಬೇಕು. ಆದರೆ ಗಮನಿಸಿ, ಇಳಿಸಿದ್ದು 80ಕ್ಕೆ, 50ಕ್ಕಲ್ಲ. ಅವನು ಬದುಕಿದ್ದಾಗ ಅವನ ಸಂಗೀತವನ್ನು ಅವಳಷ್ಟು ಬಲ್ಲವರು ಇನ್ಯಾರೂ ಇರಲಿಲ್ಲ. ಅವಳ ಶಿಷ್ಯೆ ಫ್ಯಾನಿ ಡೇವಿಸ್ ಈ ಇಡೀ ಗುಚ್ಛವನ್ನು ರೆಕಾರ್ಡ್ ಮಾಡಿದ್ದಾಳೆ. ಹಳೇ ರೆಕಾರ್ಡು, ಕರಕರ ಸದ್ದು ಉಂಟು, ಆದರೂ ಕೇಳಿ.

ಪೆಡಲ್ ಅವರ ಐಸ್‌ಕ್ರೀಮ್ ಚಮಚದ ಬಗ್ಗೆ ನನಗೆ ತಕರಾರಿಲ್ಲ. ಆದರೆ ರಿಸೆಪ್ಶನ್‌ನಲ್ಲಿ ಜನ ಕೇಳುವುದು ಜೋಗುಳವನ್ನು.

ರಥಬೀದಿ:
ನನಗೆ ಪಿಯಾನೋ ಗೊತ್ತಿಲ್ಲ, ಕರ್ನಾಟಕ ಸಂಗೀತ ಸ್ವಲ್ಪ ಕಲಿತಿದ್ದೇನೆ. ಒಂದು ತಲೆಹರಟೆ ಪ್ರಶ್ನೆ. ವ್ಯಾಸರಾಯರ 'ಕೃಷ್ಣ ನೀ ಬೇಗನೆ ಬಾರೋ' ಉಂಟಲ್ಲ, ನಮ್ಮ ಉಡುಪಿಯ ಕೃಷ್ಣನನ್ನೇ ಕರೆಯುವುದು. ಸಾಹಿತ್ಯದಲ್ಲಿ 'ಬೇಗನೆ', ಹಾಡುವುದು ಮಾತ್ರ ಯಮುನಾಕಲ್ಯಾಣಿಯಲ್ಲಿ, ಅದೂ ಎಷ್ಟು ನಿಧಾನ! ಅವನು ಬಂದು, ಬೆಣ್ಣೆ ತಿಂದು, ವಾಪಸ್ಸು ಹೋಗಿರಬೇಕು, ಇವರಿನ್ನೂ ಪಲ್ಲವಿಯಲ್ಲೇ. ಯಾರೂ ತಪ್ಪು ಅನ್ನುವುದಿಲ್ಲ. ಅವಸರ ಕರೆಯುವ ತಾಯಿಯದ್ದು, ಹಾಡಿನದ್ದಲ್ಲ. ಹಾಗೆಯೇ ಶೂಮನ್ ಬರೆದದ್ದು ಒಂದು, ನುಡಿಸುವ ಪದ್ಧತಿ ಬೆಳೆದದ್ದು ಇನ್ನೊಂದು ಅಂತ ಯಾಕೆ ಬಿಡಬಾರದು?

ಪೆಡಲ್_ಫಳ್ನೀರ್:
ಅಷ್ಟೇ ನಾನು ಹೇಳಿದ್ದು! ರಥಬೀದಿ ಅವರಿಗೆ ಒಂದು ಗಡ್‌ಬಡ್ ಐಸ್‌ಕ್ರೀಮ್ ನನ್ನ ಲೆಕ್ಕದಲ್ಲಿ.

ಮಣಿಪಾಲ್_ಮಳೆ:
ಗಡ್‌ಬಡ್ ತಿನ್ನಿ, ಆದರೆ ಇದೊಂದು ಕೇಳಿ. ವ್ಯಾಸರಾಯರ ಕಾಲದಲ್ಲಿ ಮೆಟ್ರೊನೋಮ್ ಇರಲಿಲ್ಲ, ಅಂಕೆ ಬರೆದಿಡುವ ಪ್ರಶ್ನೆಯೇ ಇಲ್ಲ. ಮೆಲ್ಟ್ಸೆಲ್ ಅದಕ್ಕೆ ಪೇಟೆಂಟ್ ತೆಗೆದುಕೊಂಡದ್ದು 1815ರಲ್ಲಿ, ಶೂಮನ್ ಇದನ್ನು ಬರೆದದ್ದು 1838ರಲ್ಲಿ. ಈ ತುಣುಕಿಗೆ ಅವನು ವೇಗದ ಮಾತು ಒಂದೂ ಬರೆದಿಲ್ಲ, ಬರೀ ಅಂಕೆ. ಅದನ್ನೂ ಹೊಡೆದುಹಾಕಿದರೆ ಅವನು ಹೇಳಿದ್ದರಲ್ಲಿ ಉಳಿಯುವುದೇನು?

ಅದಕ್ಕಿಂತ ದೊಡ್ಡ ವ್ಯತ್ಯಾಸ ಗಂಟಲಿನದ್ದು. ಹಾಡುವವರು ಒಂದು ಸ್ವರವನ್ನು ಹಿಡಿದು ತುಂಬಬಹುದು, ಗಮಕ ಕೊಡಬಹುದು, ಬೆಳೆಸಬಹುದು. ಪಿಯಾನೋದಲ್ಲಿ ಕೀ ಒತ್ತಿದ ಕ್ಷಣದಿಂದ ಸ್ವರ ಸಾಯುತ್ತಾ ಹೋಗುವುದೇ. ಬಿಜೈ ಅವರು ಹೇಳಿದ ಎಫ್‌ನ ಕಥೆ ಅದೇ, ಅವರ ಕಿವಿ ಸರಿಯಾಗಿಯೇ ಉಂಟು. ಶೂಮನ್ ಕಾಲದ ಪಿಯಾನೋದಲ್ಲಿ ಮರದ ಚೌಕಟ್ಟು, ಸಪೂರ ತಂತಿ, ಚರ್ಮ ಸುತ್ತಿದ ಹಗುರ ಹ್ಯಾಮರ್. ಅದರಲ್ಲಿ ಸ್ವರ ಇನ್ನೂ ಬೇಗ ಆರಿಹೋಗುತ್ತಿತ್ತು. ಇವತ್ತಿನ ಒಂಬತ್ತು ಅಡಿಯ ಗ್ರ್ಯಾಂಡ್‌ನಲ್ಲಿ 50ಕ್ಕೆ ನುಡಿಸಿ ದಕ್ಕಿಸಿಕೊಳ್ಳಬಹುದು, ಅದೂ ಹೊರೊವಿಟ್ಸ್‌ನ ಕೈ ಇದ್ದರೆ. ನಮ್ಮ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿದು, ಆಟಿಯ ಮಳೆಯಲ್ಲಿ ಕೀ ಉಬ್ಬಿ ಕೂರುವ ಅಪ್‌ರೈಟ್ ಪಿಯಾನೋದಲ್ಲಿ ಅದು ಆಗುವ ಕೆಲಸ ಅಲ್ಲ.

ಮತ್ತೆ, ಇದು ಮಕ್ಕಳಿಗೆ ಬರೆದದ್ದಲ್ಲ, ಮಲಗಿಸಲಿಕ್ಕೂ ಅಲ್ಲ. ಮಕ್ಕಳಿಗೆ ಅಂತಲೇ ಅವನು ಹತ್ತು ವರ್ಷದ ನಂತರ ಬೇರೆ ಪುಸ್ತಕ ಬರೆದ. ಇದು ದೊಡ್ಡವನೊಬ್ಬ ಬಾಲ್ಯವನ್ನು ನೆನೆಯುವುದು. ಕ್ಲಾರಾಳ ಅಪ್ಪ ಮದುವೆಗೆ ಒಪ್ಪದೆ ಸತಾಯಿಸುತ್ತಿದ್ದ ದಿನಗಳು ಅವು. ನೀವು ಕೆಲವೊಮ್ಮೆ ನನಗೆ ಮಗುವಿನ ಹಾಗೆ ಕಾಣುತ್ತೀರಿ ಅಂತ ಅವಳು ಹಿಂದೆ ಬರೆದಿದ್ದಳಂತೆ, ಅದರ ಪ್ರತಿಧ್ವನಿ ಇದು ಅಂತ ಅವನೇ ಅವಳಿಗೆ ಪತ್ರ ಬರೆದಿದ್ದಾನೆ. ಆ ಮೇಲೇರುವ ಸಾಲಿನಲ್ಲಿ ನನಗೆ ಕೇಳಿಸುವುದು ಆಸೆ, ನಿದ್ದೆಯಲ್ಲ.

ರಥಬೀದಿ:
ಗಂಟಲಿನ ಮಾತು ಒಪ್ಪಿದೆ. ಸುಮ್ನೆ ಕೆಣಕಿದ್ದು. ಗಡ್‌ಬಡ್ ಮಾತ್ರ ವಾಪಸ್ಸು ಕೊಡುವುದಿಲ್ಲ.

ಪೆಡಲ್_ಫಳ್ನೀರ್:
ಪಾಠ ಚೆನ್ನಾಗಿತ್ತು. ಆದರೆ ನನ್ನ ಕೈ ಸಣ್ಣದು, ಎಡಗೈಯ ಆ ಅಗಲದ ಸ್ವರಗಳು ಒಂದೇ ಹಿಡಿತಕ್ಕೆ ಸಿಗುವುದಿಲ್ಲ, ಕೆಳಗಿನಿಂದ ಒಂದೊಂದಾಗಿ ಎತ್ತಬೇಕು. 80ಕ್ಕೆ ಹೋದರೆ ಅದು ಗಡಿಬಿಡಿಯಾಗಿ ಕೇಳಿಸುತ್ತದೆ. ನಿಧಾನ ನುಡಿಸುವವರಿಗೆಲ್ಲ ಸಂಗೀತ ಅರ್ಥವಾಗಿಲ್ಲ ಅಂತಲ್ಲ ಮಾರಾಯ್ರೆ.

ಮಣಿಪಾಲ್_ಮಳೆ:
ಅದು ನ್ಯಾಯವಾದ ಮಾತು. ಹಾಗಿದ್ದರೆ ಅಂಕೆ ಬಿಟ್ಟು ಹೀಗೆ ಮಾಡಿ ಬಿಜೈ ಅವರೇ. ಮೊದಲ ನಾಲ್ಕು ಬಾರನ್ನು ಬಾಯಲ್ಲಿ ಹಾಡಿ. ಎರಡು ಉಸಿರಿನಲ್ಲಿ ಮುಗಿಯಬೇಕು. ಯಾವ ವೇಗದಲ್ಲಿ ಮುಗಿಯುತ್ತದೋ ನೋಡಿ, ಅಲ್ಲಿ ಮೆಟ್ರೊನೋಮ್ ಇಟ್ಟು ಅಂಕೆ ಓದಿ. ನನಗೆ 72ರ ಹತ್ತಿರ ಬರುತ್ತದೆ.

ಬಿಜೈ_ಬಿಳಿಕಪ್ಪು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹಾಡಿ ನೋಡಿದೆ, 69 ಬಂತು. ಆಮೇಲೆ 50, 69, 80 ಮೂರನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಯಾವುದು ಯಾವುದು ಅಂತ ಹೇಳದೆ ಅಮ್ಮನಿಗೆ ಕೇಳಿಸಿದೆ. ಅಮ್ಮ ಬಸಳೆ ಸೋಸುತ್ತಾ ಕೂತಿದ್ದರು. ಮೊದಲನೆಯದ್ದಕ್ಕೆ "ಯಾರಾದರೂ ತೀರಿಹೋದರಾ?" ಅಂದರು. ಮೂರನೆಯದ್ದಕ್ಕೆ "ನಿನಗೆ ಎಲ್ಲಿಗೋ ಹೋಗಲಿಕ್ಕುಂಟಾ?" ಎರಡನೆಯದ್ದಕ್ಕೆ ಏನೂ ಹೇಳಲಿಲ್ಲ, ಮುಗಿದ ಮೇಲೆ ಇನ್ನೊಮ್ಮೆ ಹಾಕು ಅಂದರು.

ಶನಿವಾರ ಕ್ಲಾಸ್ ಉಂಟು. ಟೀಚರ್‌ಗೆ 69 ಅಂತ ಹೇಳುವುದಿಲ್ಲ, ನುಡಿಸಿಬಿಡುತ್ತೇನೆ. ಕೇಳಿದರೆ ಕ್ಲಾರಾಳ ಹೆಸರು ಹೇಳಬಹುದಲ್ವಾ? ಇನ್ನೊಂದು, ಕೊನೆಯ ಸಾಲಿನಲ್ಲಿ ಮೇಲಿನ ಎ ಸ್ವರದ ಮೇಲೆ ನಿಲ್ಲಬೇಕಲ್ಲ, ಅಲ್ಲಿ ಎಷ್ಟು ಹೊತ್ತು ನಿಲ್ಲುವುದು?

ಮಣಿಪಾಲ್_ಮಳೆ:
ಸ್ವರ ಆರುವ ಮೊದಲು ಹೊರಡಿ. ಅದೂ ನಿಮ್ಮ ಪಿಯಾನೋದಲ್ಲಿ ಜಾಸ್ತಿ ಹೊತ್ತು ಇರುವುದಿಲ್ಲ.